ಕಾಲು ಹೋದ ಮೇಲೆ ತಮ್ಮನಿಗೆ ಸೊಂಟ ನೋವು ಶುರುವಾಗಿದೆ, ಯಾಕೆ ಅಂತ ಗೊತ್ತಿದ್ದವರು ಹೇಳಿ

ಅರಸೀಕೆರೆ ಅಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನ ವಿಷಯ ಕೇಳಬೇಕಿತ್ತು. ಅವನಿಗೆ 31 ವರ್ಷ. ಎರಡು ವರ್ಷದ ಹಿಂದೆ ಬೈಕಿನಲ್ಲಿ ಬರುವಾಗ ಲಾರಿ ತಗುಲಿ ಬಲಗಾಲು ಹೋಯಿತು. ಮೊಣಕಾಲಿನ ಮೇಲೆ, ತೊಡೆಯ ಮಧ್ಯಕ್ಕೆ ತೆಗೆದಿದ್ದಾರೆ. ಎಂಟು ತಿಂಗಳು ಊರುಗೋಲಿನಲ್ಲೇ ಓಡಾಡಿದ. ಆಮೇಲೆ ಒಂದು ಉಚಿತ ಶಿಬಿರದಲ್ಲಿ ಕೃತಕ ಕಾಲು ಹಾಕಿಸಿದೆವು. ಈಗ ಜೆರಾಕ್ಸ್, ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟುಕೊಂಡಿದ್ದಾನೆ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ರಾತ್ರಿ ಎಂಟೂವರೆವರೆಗೂ ಸ್ಟೂಲ್ ಮೇಲೇ.

ಕಾಲಿನ ಗಾಯ, ನೋವು ಎಲ್ಲ ಒಂದು ಹದಕ್ಕೆ ಬಂತು ಅಂತ ನಾವು ನೆಮ್ಮದಿಯಾಗುವಷ್ಟರಲ್ಲಿ ಸೊಂಟ ಹಿಡಿದುಕೊಂಡಿದೆ. ನಾಲ್ಕು ತಿಂಗಳಾಯಿತು. ಬೆನ್ನಿನ ಕೆಳಗೆ, ಪ್ಯಾಂಟಿನ ಬೆಲ್ಟ್ ಕೂರುವ ಜಾಗದಲ್ಲಿ, ಬಲಗಡೆ ಸ್ವಲ್ಪ ಜಾಸ್ತಿ. ಹತ್ತು ನಿಮಿಷ ನಿಂತರೆ ಗೋಡೆ ಹಿಡಿಯುತ್ತಾನೆ. ಎಕ್ಸ್‌ರೇ ತೆಗೆಸಿದೆವು. ಬೆನ್ನುಮೂಳೆಯಲ್ಲಿ ಸೊಂಟದ ಕೊನೆಯ ಎರಡು ಮಣಿಗಳು, ಎಲ್4, ಎಲ್5 ಅಂತಾರಂತೆ, ಅವುಗಳ ಮಧ್ಯೆ ಗ್ಯಾಪ್ ಸ್ವಲ್ಪ ಕಡಿಮೆಯಾಗಿದೆ ಅಂದರು. ಮಾತ್ರೆ ಕೊಟ್ಟರು, ಸೊಂಟದ ಬೆಲ್ಟ್ ಬರೆದರು. ಕಾಲು ಹೋದವರಿಗೆ ಇದೆಲ್ಲ ಇದ್ದದ್ದೇ, ಸಹಿಸಿಕೊಳ್ಳಬೇಕು ಅಂತ ಹೇಳಿ ಕಳಿಸಿದರು. ಮಾತ್ರೆ ಇರುವಷ್ಟು ದಿನ ಪರವಾಗಿಲ್ಲ, ಮುಗಿದರೆ ಮತ್ತೆ ಅದೇ.

ಮೊನ್ನೆ ನಾನು ಹಿಂದಿನಿಂದ ನೋಡಿದೆ. ಅವನು ತೋಟದ ಕಡೆ ನಡೆದು ಹೋಗುತ್ತಿದ್ದ. ಕೃತಕ ಕಾಲು ಮುಂದಕ್ಕೆ ಹಾಕಬೇಕಾದಾಗೆಲ್ಲ ಬಲಸೊಂಟ ಮೇಲಕ್ಕೆ ಎತ್ತುತ್ತಾನೆ, ಆ ಕಾಲಿನ ಮೇಲೆ ಭಾರ ಬಿಟ್ಟಾಗ ಮೈಯೆಲ್ಲ ಬಲಕ್ಕೆ ವಾಲುತ್ತದೆ. ನಿಂತಾಗ ಅಂಗಿಯ ಕೆಳಗಿನ ಅಂಚು ಒಂದು ಕಡೆ ಇಳಿದಿತ್ತು. ನಾನೇ ಇಸ್ತ್ರಿ ಮಾಡಿದ ಅಂಗಿ ಅದು, ಅಂಚು ಸರಿಯಾಗಿಯೇ ಇದೆ. ಇಳಿದಿರುವುದು ಅವನ ಸೊಂಟ.

ಕಾಲಿಗೂ ಸೊಂಟಕ್ಕೂ ಏನು ಸಂಬಂಧ? ಕೃತಕ ಕಾಲು ಹಾಕುವುದನ್ನು ಸ್ವಲ್ಪ ದಿನ ನಿಲ್ಲಿಸಬೇಕಾ? ಇದು ಮುಂದೆ ಡಿಸ್ಕ್ ತೊಂದರೆ ಆಗುತ್ತದಾ? ಅವನು ಇನ್ನೂ ಚಿಕ್ಕವನು. ದಯವಿಟ್ಟು ಗೊತ್ತಿದ್ದವರು ಹೇಳಿ.

ಮೈಸೂರು ಫಿಸಿಯೋ:

ಅಕ್ಕ, ನೀವು ಹಿಂದಿನಿಂದ ನೋಡಿದ್ದು ಅರ್ಧ ಉತ್ತರ ಆಗಲೇ ಕೊಟ್ಟಿದೆ. ಇಂಥವರನ್ನು ಹದಿಮೂರು ವರ್ಷದಿಂದ ನೋಡುತ್ತಿದ್ದೇನೆ, ಆ ಅನುಭವದಿಂದ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಒಂದು ಮಾತು. ಕಾಲು ಕಳೆದುಕೊಂಡವರಲ್ಲಿ ಸೊಂಟ ನೋವು ತುಂಬಾ ಸಾಮಾನ್ಯ, ಹೊರದೇಶದ ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇದನ್ನು ಹೇಳಿಕೊಂಡಿದ್ದಾರೆ. ಆದರೆ ಸಾಮಾನ್ಯ ಅಂದ ಮಾತ್ರಕ್ಕೆ ಸಹಿಸಿಕೊಂಡು ಕೂರಬೇಕು ಅಂತಿಲ್ಲ. ನಿಮ್ಮ ಡಾಕ್ಟರ್ ಹೇಳಿದ ಆ ಕೊನೆಯ ಮಾತನ್ನು ದಯವಿಟ್ಟು ಬಿಟ್ಟುಬಿಡಿ.

ಈಗ ಸಂಬಂಧ ಏನು ಅಂತ. ತೊಡೆಯನ್ನು ಮುಂದಕ್ಕೆ ಮಡಚುವ ದೊಡ್ಡ ಸ್ನಾಯು ಒಂದಿದೆ, ಹೆಸರು ಸೋವಾಸ್. ಅದು ತೊಡೆಯಲ್ಲಿ ಹುಟ್ಟುವುದಿಲ್ಲ. ಹೊಟ್ಟೆಯ ಒಳಗೆ, ಬೆನ್ನುಮೂಳೆಯ ಸೊಂಟದ ಭಾಗದ ಐದೂ ಮಣಿಗಳ ಪಕ್ಕದಿಂದ ಹೊರಟು ಕೆಳಗಿಳಿದು ತೊಡೆಮೂಳೆಯ ಮೇಲ್ತುದಿಯ ಒಳಬದಿಗೆ ಕಟ್ಟಿಕೊಳ್ಳುತ್ತದೆ. ತೊಡೆಯ ಮಧ್ಯಕ್ಕೆ ಕತ್ತರಿಸಿದರೆ ಇದಕ್ಕೆ ಏನೂ ಆಗುವುದಿಲ್ಲ, ಪೂರ್ತಿ ಬಲದಲ್ಲಿ ಉಳಿಯುತ್ತದೆ. ಆದರೆ ತೊಡೆಯನ್ನು ಹಿಂದಕ್ಕೆ ಎಳೆಯುವ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಮೊಣಕಾಲಿನ ಕೆಳಗೆ ಕಟ್ಟಿಕೊಂಡಿರುತ್ತವೆ, ಅವು ಕತ್ತರಿಸಿ ಹೋಗುತ್ತವೆ. ತೊಡೆಯನ್ನು ಒಳಕ್ಕೆ ಎಳೆಯುವ ಅಡಕ್ಟರ್ ಸ್ನಾಯುವಿನ ಕೆಳಗಿನ ಹಿಡಿತವೂ ಹೋಗುತ್ತದೆ. ಜೋಡಿ ಎತ್ತಿನಲ್ಲಿ ಒಂದು ಸೋತರೆ ನೊಗ ಇನ್ನೊಂದರ ಕಡೆ ತಿರುಗುತ್ತದಲ್ಲ, ಹಾಗೇ ಉಳಿದ ತೊಡೆ ಮುಂದಕ್ಕೂ ಹೊರಕ್ಕೂ ಎಳೆದುಕೊಂಡು ನಿಲ್ಲುತ್ತದೆ. ಅದರ ಮೇಲೆ ಆಸ್ಪತ್ರೆಯ ಮಂಚ, ಎಂಟು ತಿಂಗಳ ಊರುಗೋಲು, ಈಗ ದಿನಕ್ಕೆ ಹನ್ನೊಂದು ಗಂಟೆ ಸ್ಟೂಲ್. ಕೂತಾಗ ಸೋವಾಸ್ ಮಡಚಿಕೊಂಡೇ ಇರುತ್ತದೆ. ತಿಂಗಳುಗಟ್ಟಲೆ ಮಡಚಿಕೊಂಡಿದ್ದ ಸ್ನಾಯು ಗಿಡ್ಡ ಆಗುತ್ತದೆ.

ಗಿಡ್ಡ ಆದ ಸೋವಾಸ್ ಇಟ್ಟುಕೊಂಡು ನಿಮ್ಮ ತಮ್ಮ ನೆಟ್ಟಗೆ ನಿಲ್ಲಬೇಕು ಅಂದರೆ ತೊಡೆ ಹಿಂದಕ್ಕೆ ಬರುವುದಿಲ್ಲ. ಆಗ ಸೊಂಟದ ಎಲುಬು ಮುಂದಕ್ಕೆ ಬಾಗುತ್ತದೆ, ಬೆನ್ನಿನ ಕೆಳಭಾಗ ಒಳಕ್ಕೆ ಕಮಾನಿನ ಹಾಗೆ ಬಗ್ಗುತ್ತದೆ. ಮಣಿಗಳ ಹಿಂಬದಿಯ ಚಿಕ್ಕ ಚಿಕ್ಕ ಕೀಲುಗಳು ಒಂದರ ಮೇಲೊಂದು ಒತ್ತಿಕೊಳ್ಳುತ್ತವೆ. ಹತ್ತು ನಿಮಿಷ ನಿಂತರೆ ಗೋಡೆ ಹಿಡಿಯುತ್ತಾನೆ ಅಂದಿರಲ್ಲ, ಇದರಿಂದ ಇರಬಹುದು ಅಂತ ನನ್ನ ಅನುಮಾನ.

ಬಲಗಡೆ ಜಾಸ್ತಿ ನೋವಿಗೆ ಇನ್ನೊಂದು ಕಾರಣ ಇರಬಹುದು. ಕೊನೆಯ ಪಕ್ಕೆಲುಬಿನಿಂದ ಸೊಂಟದ ಎಲುಬಿನ ಅಂಚಿಗೆ ಒಂದು ಚಪ್ಪಟೆ ಸ್ನಾಯು ಇದೆ, ಕ್ವಾಡ್ರೇಟಸ್ ಲಂಬೋರಮ್ ಅಂತ. ಕೃತಕ ಕಾಲು ನೆಲಕ್ಕೆ ತಗುಲದ ಹಾಗೆ ಅವನು ಸೊಂಟ ಎತ್ತುವುದು ಇದರ ಬಲದಲ್ಲೇ. ನಮ್ಮ ನಡಿಗೆಯಲ್ಲಿ ಇದಕ್ಕೆ ಚಿಕ್ಕ ಕೆಲಸ. ಅವನ ಸೊಂಟದಲ್ಲಿ ಇದು ಪ್ರತಿ ಹೆಜ್ಜೆಗೂ ಒಂದು ಕಾಲನ್ನೇ ಎತ್ತುತ್ತಿದೆ. ದಣಿಯದೆ ಇನ್ನೇನು? ಮೈ ಬಲಕ್ಕೆ ವಾಲುವುದು ಪಿರ್ರೆಯ ಪಕ್ಕದ ಸ್ನಾಯು ಸೋತಿರುವುದರ ಗುರುತು. ಇಷ್ಟೆಲ್ಲ ಆಗುವಾಗ ಬೆನ್ನುಮೂಳೆಗೆ ಅಂಟಿಕೊಂಡಿರುವ ಆಳದ ಚಿಕ್ಕ ಸ್ನಾಯುಗಳು, ಮಲ್ಟಿಫಿಡಸ್ ಅಂತೀವಿ, ಕೆಲಸ ಬಿಟ್ಟು ತೆಳ್ಳಗಾಗುತ್ತವೆ. ಮೇಲಿನ ದೊಡ್ಡ ಸ್ನಾಯುಗಳು ಬಿಗಿಯಾಗಿ ಗಂಟು ಕಟ್ಟಿ ನಿಲ್ಲುತ್ತವೆ. ಮಾತ್ರೆ ಆ ಬಿಗಿಯನ್ನು ಸ್ವಲ್ಪ ಹೊತ್ತು ಸಡಿಲ ಮಾಡುತ್ತದೆ ಅಷ್ಟೆ.

ಡಿಸ್ಕ್ ಬಗ್ಗೆ ಈಗಲೇ ಹೆದರಬೇಡಿ. ಯಾವ ನೋವೂ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಗ್ಯಾಪ್ ಕಡಿಮೆ ಕಾಣುತ್ತದೆ.

ಮನೆಯಲ್ಲೇ ಒಂದು ನೋಡಿ. ಕೃತಕ ಕಾಲು ಬಿಚ್ಚಿ, ನೆಲದ ಮೇಲೆ ಚಾಪೆ ಹಾಕಿ ಅಂಗಾತ ಮಲಗಿಸಿ. ಎಡಮೊಣಕಾಲನ್ನು ಎರಡೂ ಕೈಯಲ್ಲಿ ಅಪ್ಪಿ ಎದೆಗೆ ಎಳೆದುಕೊಳ್ಳಲಿ. ಆಗ ಬಲತೊಡೆ ನೆಲಕ್ಕೆ ಅಂಟಿಕೊಂಡೇ ಇದ್ದರೆ ಒಳ್ಳೆಯದು. ಮೇಲೆದ್ದರೆ ಸೋವಾಸ್ ಗಿಡ್ಡ ಆಗಿದೆ ಅಂತ ಅರ್ಥ. ಎಷ್ಟು ಎದ್ದಿತು ಅಂತ ಇಲ್ಲಿ ಬರೆಯಿರಿ. ಸೊಂಟದ ಬೆಲ್ಟ್ ದಿನವಿಡೀ ಬೇಡ, ಬಸ್ ಪ್ರಯಾಣಕ್ಕೆ ಸಾಕು.

ದಾವಣಗೆರೆ ಮೆಕ್ಯಾನಿಕ್:

ತಂಗಿ, ನನಗೆ ಎಡಗಾಲು ಮೊಣಕಾಲಿನ ಕೆಳಗೆ ಹೋಗಿ 19 ವರ್ಷ ಆಯಿತು. ನಿನ್ನ ತಮ್ಮನದು ಮೇಲೆ ಹೋಗಿದೆ, ಅವನ ಕಷ್ಟ ನನಗಿಂತ ಜಾಸ್ತಿ ಅಂತ ಗೊತ್ತು. ಮೊಣಕಾಲು ಉಳಿದವರಿಗೂ ಇಲ್ಲದವರಿಗೂ ತುಂಬಾ ವ್ಯತ್ಯಾಸ. ಆದರೂ ಸೊಂಟ ನೋವು ನಾನೂ ಆರು ವರ್ಷ ಅನುಭವಿಸಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಕೇಳಬೇಕಾದ್ದು, ಸಾಕೆಟ್, ಅಂದರೆ ಉಳಿದ ಕಾಲು ಒಳಗೆ ಕೂರುವ ಕೃತಕ ಕಾಲಿನ ಮೇಲಿನ ಬಟ್ಟಲು, ಸಡಿಲ ಆಗಿದೆಯಾ? ಕಾಲು ತೆಗೆದ ಮೇಲೆ ಉಳಿದ ಭಾಗ ಮೊದಲ ವರ್ಷದಲ್ಲಿ ತುಂಬಾ ಸಣ್ಣ ಆಗುತ್ತದೆ. ಊತ ಇಳಿಯುತ್ತದೆ, ಕೆಲಸ ಇಲ್ಲದ ಸ್ನಾಯು ಕರಗುತ್ತದೆ. ಆಗ ಅಳತೆಗೆ ಸರಿ ಇದ್ದ ಸಾಕೆಟ್ ಈಗ ಬಕೆಟ್‌ನಲ್ಲಿ ಲೋಟ ಇಟ್ಟ ಹಾಗೆ ಆಡುತ್ತದೆ. ಭಾರ ಬಿಟ್ಟಾಗ ಒಳಗೆ ಕುಸಿಯುತ್ತದೆ, ಎತ್ತಿದಾಗ ಜಾರುತ್ತದೆ. ಕುಸಿದಾಗ ಕಾಲು ಗಿಡ್ಡ, ಎತ್ತಿದಾಗ ಉದ್ದ. ಪ್ರತಿ ಹೆಜ್ಜೆಗೂ ಸೊಂಟ ಅದನ್ನು ಸರಿ ಮಾಡಿಕೊಳ್ಳುತ್ತಾ ಇರಬೇಕು. ನನಗೆ ಆಗಿದ್ದು ಇದೇ. ಒಂದು ಕಡೆ ತೋರಿಸಿದರೆ ಆರು ತಿಂಗಳು ಬರೀ ನೋವಿನ ಮಾತ್ರೆ ಕೊಟ್ಟರು, ಹೊಟ್ಟೆ ಉರಿ ಬಂತೇ ಹೊರತು ಯಾರೂ ಒಂದು ದಿನವೂ ಪ್ಯಾಂಟ್ ಮಡಚಿ ಸಾಕೆಟ್ ನೋಡಲಿಲ್ಲ. ಆ ಸಂಕಟ ಈಗಲೂ ಇದೆ ನನಗೆ.

ಉಳಿದ ಕಾಲಿಗೆ ಹಾಕುವ ಕಾಲುಚೀಲ ಇದೆಯಲ್ಲ, ಅದರಲ್ಲಿ ತೆಳು, ದಪ್ಪ ಅಂತ ಬೇರೆ ಬೇರೆ ಬರುತ್ತದೆ. ಬೆಳಿಗ್ಗೆ ನನಗೆ ಒಂದು ಸಾಕು. ಮಧ್ಯಾಹ್ನ ಗ್ಯಾರೇಜಿನ ಬಿಸಿಲಿಗೆ ಬೆವರಿ ಕಾಲು ಇಳಿದಾಗ ಇನ್ನೊಂದು ತೆಳುವಾದದ್ದು ಹಾಕುತ್ತೇನೆ. ಅದನ್ನು ಮಧ್ಯಾಹ್ನ ಮರೆತರೆ ಸಂಜೆ ಐದಕ್ಕೆ ಸೊಂಟ ನೆನಪಿಸುತ್ತದೆ. ತಮ್ಮನ ಹತ್ತಿರ ಎಷ್ಟು ಚೀಲ ಇದೆ ಕೇಳು. ಒಂದೇ ಜೊತೆ ಕೊಟ್ಟು ಕಳಿಸಿರುತ್ತಾರೆ, ಅದು ಒಗೆದು ಒಗೆದು ಬಲೆ ಆಗಿರುತ್ತದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಚಪ್ಪಲಿ. ಹೊರಗೆ ಹೋಗುವಾಗ ಒಳ್ಳೆಯ ಕಾಲಿಗೆ ದಪ್ಪ ಚಪ್ಪಲಿ, ಕೃತಕ ಕಾಲಿಗೆ ಏನೂ ಇಲ್ಲ, ಹೀಗೆ ಎಷ್ಟೋ ಜನ ಓಡಾಡುತ್ತಾರೆ. ಚಪ್ಪಲಿಯೇ ಒಂದು ಇಂಚು ವ್ಯತ್ಯಾಸ ಮಾಡುತ್ತದೆ. ಹಾಕಿದರೆ ಎರಡಕ್ಕೂ ಒಂದೇ ದಪ್ಪ ಹಾಕಬೇಕು, ಬಿಟ್ಟರೆ ಎರಡೂ ಬಿಡಬೇಕು. ಎಡಚಪ್ಪಲಿ ತಿರುಗಿಸಿ ನೋಡು, ಯಾವ ಅಂಚು ಸವೆದಿದೆ ಅಂತ.

ರಾತ್ರಿ ಬಚ್ಚಲಿಗೆ ಹೋಗುವಾಗ ಕೃತಕ ಕಾಲು ಹಾಕದೆ ಒಂದೇ ಕಾಲಲ್ಲಿ ಕುಪ್ಪಳಿಸಿಕೊಂಡು ಹೋಗುತ್ತಾನಾ? ನಾನು ಹೋಗುತ್ತಿದ್ದೆ. ಆ ಒಂದೊಂದು ಏಟೂ ನೇರ ಸೊಂಟಕ್ಕೆ ಬೀಳುತ್ತದೆ, ಜಾರಿ ಬಿದ್ದರೆ ಇನ್ನೂ ದೊಡ್ಡದು. ಮಂಚದ ಪಕ್ಕ ಊರುಗೋಲು ಇಡಲು ಹೇಳು.

ಜೆಪಿ ನಗರ ಪ್ರಾಸ್ಥೆಟಿಸ್ಟ್:

ನಾನು ಬೆಂಗಳೂರಿನಲ್ಲಿ ಕೃತಕ ಕಾಲು ಮಾಡುವ ಕೆಲಸದಲ್ಲಿದ್ದೇನೆ. ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಕಾಲಿನ ಕಡೆಯಿಂದ ನಾನು ಸೇರಿಸುತ್ತೇನೆ.

ಅಂಗಿಯ ಅಂಚು ಇಳಿದಿತ್ತು ಅಂದಿರಿ. ಅದು ತುಂಬಾ ಒಳ್ಳೆಯ ಗಮನ. ನಾವು ಮಾಡುವುದೂ ಹೆಚ್ಚು ಕಡಿಮೆ ಅದೇ. ಎರಡೂ ಕಾಲಿನ ಮೇಲೆ ಸಮ ಭಾರ ಬಿಟ್ಟು ನಿಲ್ಲಿಸಿ, ಹಿಂದೆ ಕೂತು, ಸೊಂಟದ ಎಲುಬಿನ ಎರಡೂ ಅಂಚಿನ ಮೇಲೆ ಕೈ ಇಡುತ್ತೇವೆ. ಯಾವ ಕೈ ಕೆಳಗಿದೆಯೋ ಆ ಕಾಲು ಗಿಡ್ಡ. ಪಾದದ ಅಡಿ ತೆಳುವಾದ ಹಲಗೆ ಒಂದೊಂದಾಗಿ ಇಟ್ಟು ಕೈ ಸಮ ಆಗುವವರೆಗೆ ನೋಡುತ್ತೇವೆ. ಮನೆಯಲ್ಲಿ ಹಲಗೆ ಬದಲು ನೂರು ಪುಟದ ನೋಟ್‌ಬುಕ್ ಇಟ್ಟು ನೋಡಬಹುದು, ತಮ್ಮ ಗೋಡೆ ಹಿಡಿದುಕೊಂಡಿರಲಿ.

ಮೊಣಕಾಲಿನ ಮೇಲೆ ಕಾಲು ಹೋದವರ ಕೃತಕ ಕಾಲನ್ನು ಸುಮಾರು ಒಂದು ಸೆಂಟಿಮೀಟರ್ ಗಿಡ್ಡ ಮಾಡುವುದುಂಟು, ಬೇಕು ಅಂತಲೇ. ಮಂಡಿ ಲಾಕ್ ಇರುವ ಕಾಲಿನಲ್ಲಿ ನಡೆಯುವಾಗ ಮಂಡಿ ಮಡಚುವುದಿಲ್ಲ, ಉದ್ದ ಸಮ ಇದ್ದರೆ ಹೆಬ್ಬೆರಳು ನೆಲಕ್ಕೆ ಉಜ್ಜುತ್ತದೆ. ಆದ್ದರಿಂದ ಸ್ವಲ್ಪ ಗಿಡ್ಡ ಇರುವುದು ತಪ್ಪಲ್ಲ. ಆದರೆ ಎರಡು, ಎರಡೂವರೆ ಸೆಂಟಿಮೀಟರ್ ಆದರೆ ಸೊಂಟ ಆ ಕಡೆ ಕುಸಿದು ಬೆನ್ನುಮೂಳೆ ಬಿಲ್ಲಿನ ಹಾಗೆ ಪಕ್ಕಕ್ಕೆ ಬಾಗಿ ನಿಲ್ಲುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆ ಹಾಗೇ.

ಫಿಸಿಯೋ ಹೇಳಿದ ಸೋವಾಸ್ ವಿಷಯಕ್ಕೂ ಸಾಕೆಟ್‌ಗೂ ನೇರ ಸಂಬಂಧ ಇದೆ. ಉಳಿದ ತೊಡೆ ಹತ್ತು ಹದಿನೈದು ಡಿಗ್ರಿ ಮುಂದಕ್ಕೆ ಮಡಚಿಕೊಂಡಿದ್ದರೆ, ಸಾಕೆಟ್ ಅನ್ನೂ ಅಷ್ಟು ಮುಂದಕ್ಕೆ ಬಾಗಿಸಿ ಕೂರಿಸಬೇಕು. ನೆಟ್ಟಗೆ ಕೂರಿಸಿದರೆ ತೊಡೆ ಒಪ್ಪುವುದಿಲ್ಲ, ಬೆನ್ನೇ ಬಗ್ಗಬೇಕಾಗುತ್ತದೆ. ಬಾಗು ಕಡಿಮೆಯಾದ ಹಾಗೆ ಸಾಕೆಟ್ ಕೋನವನ್ನೂ ಬದಲಿಸುತ್ತಾ ಹೋಗಬೇಕು. ಹೀಗಾಗಿ ಒಂದು ಸಲ ಹಾಕಿಸಿ ಮುಗಿಯಿತು ಅನ್ನುವ ವಸ್ತುವಲ್ಲ ಇದು.

ಶಿಬಿರಗಳನ್ನು ನಾನು ದೂರುವುದಿಲ್ಲ. ಜೈಪುರದ ಆಸ್ಪತ್ರೆಯಲ್ಲಿ 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ, ಡಾಕ್ಟರ್ ಪಿ. ಕೆ. ಸೇಠಿ ಸೇರಿ ಮಾಡಿದ ಆ ರಬ್ಬರ್ ಪಾದ ನಮ್ಮ ಜನರನ್ನು ನೋಡಿಯೇ ಮಾಡಿದ್ದು. ಬರಿಗಾಲಲ್ಲಿ ನಡೆಯಬಹುದು, ಗದ್ದೆಗೆ ಇಳಿಯಬಹುದು. 1975ರಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಶುರುವಾದ ಮೇಲೆ ಲಕ್ಷಾಂತರ ಬಡವರಿಗೆ ದುಡ್ಡಿಲ್ಲದೆ ಕಾಲು ಸಿಕ್ಕಿದೆ. ಅಪಘಾತದಲ್ಲಿ ಕಾಲು ಕಳೆದುಕೊಂಡ ಸುಧಾ ಚಂದ್ರನ್ ಮತ್ತೆ ಭರತನಾಟ್ಯ ಆಡಿದ್ದು ಜೈಪುರ ಕಾಲಿನಲ್ಲೇ. ತೊಂದರೆ ಇರುವುದು ಆಮೇಲೆ. ಶಿಬಿರ ಮುಗಿದು ವಾಹನ ಹೋದ ಮೇಲೆ ಉದ್ದ, ಕೋನ, ಸಡಿಲ ನೋಡುವವರು ಹತ್ತಿರದಲ್ಲಿ ಇರುವುದಿಲ್ಲ. ಹದಿನಾರು ತಿಂಗಳಲ್ಲಿ ನಿಮ್ಮ ತಮ್ಮನಿಗೆ ಸಾಕೆಟ್ ಬದಲಾಗಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಬೆಂಗಳೂರಿಗೆ ಬರಲು ಆಗುವುದಾದರೆ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಿವೆ, ಕೃತಕ ಕಾಲು ಮಾಡುವವರೂ ಫಿಸಿಯೋಗಳೂ ಒಂದೇ ಕಡೆ ಸಿಗುತ್ತಾರೆ. ನಿಮ್ಮ ಜಿಲ್ಲೆಯ ಅಂಗವಿಕಲರ ಕಲ್ಯಾಣ ಕಚೇರಿಯಲ್ಲೂ ಕೇಳಿ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಕೃತಕ ಕಾಲಿಗೆ ನೆರವು ಸಿಗುತ್ತದೆ.

ಒಂದು ಎಚ್ಚರಿಕೆ. ನೋಟ್‌ಬುಕ್ ಇಟ್ಟು ನೋಡಿದಿರಿ, ಸಮ ಆಯಿತು ಅಂತ ಚಮ್ಮಾರರ ಹತ್ತಿರ ಅಷ್ಟೇ ದಪ್ಪದ ಹಿಮ್ಮಡಿ ಹೊಡೆಸಬೇಡಿ. ಹಿಮ್ಮಡಿ ಎತ್ತರ ಜಾಸ್ತಿಯಾದರೆ, ಲಾಕ್ ಇಲ್ಲದ ಕಾಲಿನಲ್ಲಿ ಮಂಡಿ ಮುಂದಕ್ಕೆ ತಳ್ಳಿಕೊಂಡು ಮಡಚಿಬಿಡುತ್ತದೆ, ಬಿದ್ದುಬಿಡುತ್ತಾನೆ. ಉದ್ದ ಹೆಚ್ಚಿಸುವುದು ಮಂಡಿಗೂ ಪಾದಕ್ಕೂ ನಡುವಿನ ಭಾಗದಲ್ಲಿ ಆಗಬೇಕು.

ಧಾರವಾಡದ ಸೊಸೆ:

ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆದರು. ಆಗ ನೋವು ಅಂತ ಅಳುತ್ತಿದ್ದರು, ನಾನೇ ಪ್ರೀತಿಯಿಂದ ದಿನಾ ತೊಡೆಯ ಕೆಳಗೆ ಎರಡು ದಿಂಬು ಇಡುತ್ತಿದ್ದೆ. ಅದೇ ತಪ್ಪಾಯಿತು. ಮೂರು ತಿಂಗಳಿಗೆ ತೊಡೆ ನೆಟ್ಟಗಾಗದೆ ಹೋಯಿತು, ಕೃತಕ ಕಾಲು ಹಾಕುವಾಗ ತುಂಬಾ ಒದ್ದಾಡಿದರು. ಯಾರಾದರೂ ಹೊಸದಾಗಿ ಕಾಲು ತೆಗೆಸಿಕೊಂಡವರ ಮನೆಯವರು ಇದನ್ನು ಓದುತ್ತಿದ್ದರೆ ದಿಂಬು ಇಡಬೇಡಿ. ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆಮೇಲೆ ಬೆನ್ನು ಅನುಭವಿಸುತ್ತದೆ. ನಮಗೆ ಇದನ್ನು ಆಸ್ಪತ್ರೆಯಲ್ಲೇ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅರಸೀಕೆರೆ ಅಕ್ಕ:

ಎಲ್ಲರಿಗೂ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಾಗುತ್ತಿಲ್ಲ. ನಿನ್ನೆ ಭಾನುವಾರ, ಅಂಗಡಿ ಮಧ್ಯಾಹ್ನವೇ ಮುಚ್ಚಿದ. ಜಗಲಿಯಲ್ಲಿ ಚಾಪೆ ಹಾಕಿ ನೀವು ಹೇಳಿದ ಹಾಗೆ ಮಲಗಿಸಿದೆವು. ಎಡಮಂಡಿ ಎದೆಗೆ ಎಳೆದುಕೊಂಡ ತಕ್ಷಣ ಬಲತೊಡೆ ತಾನಾಗಿಯೇ ಮೇಲೆದ್ದಿತು. ಕೆಳಗೆ ನನ್ನ ನಾಲ್ಕು ಬೆರಳು ಅಡ್ಡಡ್ಡ ಹೋಯಿತು. ಅಮ್ಮ ಮೆಲ್ಲಗೆ ಕೈಯಲ್ಲಿ ಒತ್ತಿ ಕೆಳಗೆ ತಂದರು, ಆಗ ಸೊಂಟ ನೆಲ ಬಿಟ್ಟು ಎದ್ದುಬಿಟ್ಟಿತು. ಅಲ್ಲೇ, ಅಲ್ಲೇ ನೋವು ಅಂದ. ನಾಲ್ಕು ತಿಂಗಳಿಂದ ಎಲ್ಲಿ ಅಂತ ಸರಿಯಾಗಿ ತೋರಿಸಲು ಆಗದೆ ಇದ್ದ ನೋವು ಅದು.

ನೋಟ್‌ಬುಕ್ ಕೂಡ ಇಟ್ಟೆವು. ಒಂದಕ್ಕೆ ಆಗಲಿಲ್ಲ, ಮೂರಕ್ಕೆ ಅಂಗಿಯ ಅಂಚು ಸಮ ಆಯಿತು. ಕಾಲುಚೀಲ ಒಂದೇ ಇದೆ, ದಾವಣಗೆರೆ ಅಣ್ಣ ಹೇಳಿದ ಹಾಗೆಯೇ ಬಲೆ ಆಗಿದೆ. ಎಡಚಪ್ಪಲಿಯ ಹೊರ ಅಂಚು ಪೂರ್ತಿ ಸವೆದಿದೆ. ರಾತ್ರಿ ಕುಪ್ಪಳಿಸುವುದೂ ನಿಜ, ಕೇಳಿದ್ದಕ್ಕೆ ತಲೆ ತಗ್ಗಿಸಿದ.

ಬೆಂಗಳೂರಿಗೆ ಬರುವ ವಾರ ಕರೆದುಕೊಂಡು ಹೋಗುತ್ತೇವೆ. ಅಲ್ಲಿಯವರೆಗೆ ಕಾಲು ಹಾಕಬೇಕಾ ಬೇಡವಾ? ಮನೆಯಲ್ಲಿ ಏನು ಮಾಡಬಹುದು?

ಮೈಸೂರು ಫಿಸಿಯೋ:

ಹಾಕಲಿ ಅಕ್ಕ. ಪೂರ್ತಿ ಬಿಟ್ಟರೆ ಮತ್ತೆ ಊರುಗೋಲು, ಮತ್ತೆ ಕೂರುವುದು, ತೊಡೆ ಇನ್ನೂ ಬಿಗಿಯುತ್ತದೆ. ತುಂಬಾ ದೂರ ನಡೆಯುವುದು, ಭಾರ ಹೊರುವುದು ಮಾತ್ರ ಬೇಡ. ಚರ್ಮ ಉಜ್ಜಿ ಗಾಯ ಆಗಿದ್ದರೆ ಬಿಚ್ಚಿಡಲಿ.

ಮನೆಯಲ್ಲಿ ಮಾಡಬೇಕಾದ ದೊಡ್ಡ ಕೆಲಸ ಮಕಾಡೆ ಮಲಗುವುದು. ಕೃತಕ ಕಾಲು ಬಿಚ್ಚಿ, ಗಟ್ಟಿ ನೆಲದ ಮೇಲೆ, ತೊಡೆಯ ಕೆಳಗೆ ಏನೂ ಇಡದೆ, ಮುಖ ಎಡಕ್ಕೆ ತಿರುಗಿಸಿಕೊಂಡು. ಮೊದಲ ದಿನ ಐದು ನಿಮಿಷ ಸಾಕು, ಸೊಂಟ ನೋವು ಜಾಸ್ತಿ ಅನ್ನಿಸಿದರೆ ಹೊಟ್ಟೆಯ ಕೆಳಗೆ ಮಡಚಿದ ಟವೆಲ್ ಇಡಿ. ನಿಧಾನವಾಗಿ ಇಪ್ಪತ್ತು ನಿಮಿಷಕ್ಕೆ ಹೋಗಲಿ, ದಿನಕ್ಕೆ ಎರಡು ಮೂರು ಸಲ. ಆ ಭಂಗಿಯಲ್ಲೇ ಪಿರ್ರೆ ಬಿಗಿ ಹಿಡಿದು ಐದು ಎಣಿಸಿ ಬಿಡಲಿ, ಹತ್ತು ಸಲ. ಅಂಗಡಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ಕೌಂಟರ್ ಹಿಡಿದು ನಿಲ್ಲಲಿ. ಸ್ಟೂಲ್ ಬದಲು ಬೆನ್ನು ಒರಗುವ ಕುರ್ಚಿ ಹಾಕಿ. ಕೂತಾಗ ಸಾಕೆಟ್ ಅಂಚು ಒಂದು ಕಡೆ ಪಿರ್ರೆಯನ್ನು ಎತ್ತಿ ಹಿಡಿಯುತ್ತದೆ, ಇನ್ನೊಂದು ಕಡೆ ಮಡಚಿದ ಬಟ್ಟೆ ಇಟ್ಟು ಸಮ ಮಾಡಿಕೊಳ್ಳಲಿ.

ಒಂದು ವಿಷಯ ನೆನಪಿರಲಿ. ಎಡಗಾಲಿನಲ್ಲಿ ಜೋಮು ಅಥವಾ ಬಲ ಕಡಿಮೆ ಆದರೆ, ಕೂರುವ ಜಾಗ ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಬರುವ ವಾರ ಅಂತ ಕಾಯಬೇಡಿ, ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ. ಈಗ ನೀವು ಹೇಳಿದ್ದರಲ್ಲಿ ಅಂಥದ್ದು ಯಾವುದೂ ಕಾಣುತ್ತಿಲ್ಲ.

ಅರಸೀಕೆರೆ ಅಕ್ಕ:

ಇವತ್ತು ಮಧ್ಯಾಹ್ನ ಊಟ ತೆಗೆದುಕೊಂಡು ಅಂಗಡಿಗೆ ಹೋದೆ. ಶಟರ್ ಅರ್ಧ ಎಳೆದಿತ್ತು. ಬಗ್ಗಿ ನೋಡಿದರೆ ಜೆರಾಕ್ಸ್ ಮಷೀನಿನ ಪಕ್ಕ ಚಾಪೆ ಹಾಸಿಕೊಂಡು ಮಕಾಡೆ ಮಲಗಿದ್ದಾನೆ, ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟಿದ್ದಾನೆ. ಮೊದಲ ದಿನ ಐದೇ ನಿಮಿಷ ಅಂತ ಫಿಸಿಯೋ ಸರ್ ಹೇಳಿದ್ದನ್ನು ತೋರಿಸಿ ಬಂದೆ. ಬೆಂಗಳೂರಿಗೆ ಹೋಗಿ ಬಂದ ಮೇಲೆ ಉದ್ದ ಎಷ್ಟು ಬದಲಿಸಿದರು, ಸಾಕೆಟ್ ಏನು ಮಾಡಿದರು ಎಲ್ಲ ಬರೆಯುತ್ತೇನೆ.